ಲ್ಯಾಮಿನೇಷನ್ ಎಂಬ ಸುಳ್ಳು ಅಭಯ

"ಲ್ಯಾಮಿನೇಷನ್ ಮಾಡಿಸಿಬಿಡಿ, ನೂರು ವರ್ಷ ಏನೂ ಆಗಲ್ಲ." ಹೊಸೂರು, ಸೂಳಗಿರಿ, ಕೃಷ್ಣಗಿರಿ ಕಡೆ ಫೋಟೋಗೆ ಕಟ್ಟು ಹಾಕುವ ಅಂಗಡಿಗಳಲ್ಲಿ ಅಜ್ಜನ ಹಳೇ ಫೋಟೋ ಹಿಡಿದು ನಿಂತವರಿಗೆ ಸಿಗುವ ಸಲಹೆ ಇದು. ಹೇಳುವವರಲ್ಲಿ ಕಪಟವಿಲ್ಲ, ಕೇಳುವವರಲ್ಲಿ ಸಂಶಯವಿಲ್ಲ. ಕನ್ನಡದ ಮನೆ, ತೆಲುಗಿನ ಮನೆ, ತಮಿಳಿನ ಮನೆ ಎಂಬ ಭೇದವಿಲ್ಲದೆ ಈ ಸೀಮೆಯಲ್ಲೆಲ್ಲ ಮೂಲ ಫೋಟೋಗಳು ಎಂಡಿಎಫ್ ಹಲಗೆಗೆ ಅಂಟಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದ್ದು, ಅಂಚಿಗೆ ಕಪ್ಪು ಪಟ್ಟಿ ಸುತ್ತಿಸಿಕೊಂಡು ಗೋಡೆಗೇರಿವೆ. ಹೀಗೆ ಮಾಡಿಸಿದರೆ ಫೋಟೋ ಉಳಿಯುತ್ತದೆ ಎಂಬ ಮಾತು ತಪ್ಪು. ಉಳಿಯುವುದಿರಲಿ, ಉಳಿಸಿಕೊಳ್ಳಲು ಮುಂದೆಂದಾದರೂ ಇರಬಹುದಾಗಿದ್ದ ಎಲ್ಲ ದಾರಿಗಳನ್ನೂ ಅಂದೇ ಮುಚ್ಚಿದಂತಾಗುತ್ತದೆ.

ಫೋಟೋ ಎಂದರೆ ಕಾಗದದ ಮೇಲೆ ಬಣ್ಣ ಬಳಿದ ಚಿತ್ರವಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ನಮ್ಮ ಮನೆಗಳಲ್ಲಿರುವ ಹಳೆಯ ಕಪ್ಪುಬಿಳುಪು ಫೋಟೋಗಳಲ್ಲಿ ಬಹುಪಾಲು ಜೆಲಟಿನ್ ಸಿಲ್ವರ್ ಪ್ರಿಂಟುಗಳು. ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ನಿನ ತೆಳು ಪದರ, ಅದರೊಳಗೆ ಹರಡಿಕೊಂಡ ಬೆಳ್ಳಿಯ ಅತಿ ಸಣ್ಣ ಕಣಗಳು, ಅದರಡಿ ಕಾಗದ. ಊಟಿಯ ಹಿಂದೂಸ್ತಾನ್ ಫೋಟೋ ಫಿಲಂಸ್ ಕಾರ್ಖಾನೆ 1967ರಲ್ಲಿ ಉತ್ಪಾದನೆ ಶುರುಮಾಡಿದ ಮೇಲೆ ನಮ್ಮ ಕಡೆಯ ಸ್ಟುಡಿಯೋಗಳಿಗೆ ಬಂದ 'ಇಂದು' ಕಾಗದವೂ ಇದೇ ಜಾತಿಯದು. ಜೆಲಟಿನ್ ತೇವ ಹೀರಿ ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಬೆಳ್ಳಿಯ ಕಣಕ್ಕೆ ಗಂಧಕ ತಗುಲಿದರೆ ಕಂದಾಗುತ್ತದೆ, ಪೆರಾಕ್ಸೈಡ್ ತಗುಲಿದರೆ ಕರಗಿ ಮೇಲಕ್ಕೆ ಬಂದು ಕನ್ನಡಿಯ ಹಾಗೆ ಹೊಳೆಯತೊಡಗುತ್ತದೆ. ಹಳೇ ಫೋಟೋದ ಕಪ್ಪು ಭಾಗಗಳ ಅಂಚಿನಲ್ಲಿ, ಓರೆಯಾಗಿ ಹಿಡಿದಾಗ ಕಾಣುವ ಆ ನೀಲಿಬೆಳ್ಳಿ ಮಿನುಗು ಅದೇ.

ಇಂಥ ಸೂಕ್ಷ್ಮ ವಸ್ತುವನ್ನು ನಾವು ಯಾವುದಕ್ಕೆ ಅಂಟಿಸುತ್ತಿದ್ದೇವೆ? ಎಂಡಿಎಫ್ ಎಂದರೆ ಮರದ ನಾರನ್ನು ಫಾರ್ಮಾಲ್ಡಿಹೈಡ್ ಬೆರೆತ ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಮರದಿಂದ ಅಸಿಟಿಕ್ ಆಮ್ಲದ ಆವಿ, ಅಂಟಿನಿಂದ ಫಾರ್ಮಾಲ್ಡಿಹೈಡ್, ಅದು ಗಾಳಿಯೊಡನೆ ಕೂಡಿ ಫಾರ್ಮಿಕ್ ಆಮ್ಲ, ಎಲ್ಲವೂ ವರ್ಷಗಟ್ಟಲೆ ಹೊರಬರುತ್ತಲೇ ಇರುತ್ತವೆ. ಬಯಲಿನಲ್ಲಿದ್ದರೆ ಗಾಳಿ ಅದನ್ನು ಹೊತ್ತೊಯ್ದೀತು. ಇಲ್ಲಿ ಫೋಟೋವನ್ನು ಹಲಗೆಗೇ ಬೆಸೆದು ಮೇಲೆ ಪ್ಲಾಸ್ಟಿಕ್ ಮುಚ್ಚಿದ್ದೇವೆ. ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಟ್ಟ ಹಾಗೆ, ಒಳಗೆ ಹುಟ್ಟುವ ಕೇಡು ಒಳಗೇ ಕೆಲಸ ಮಾಡುತ್ತದೆ. ಆ ಪ್ಲಾಸ್ಟಿಕ್ ಪಿವಿಸಿ ಆಗಿದ್ದರೆ ಅದರದ್ದೇ ಬೇರೆ ಕಾಟ. ಮೃದುವಾಗಿರಲೆಂದು ಅದಕ್ಕೆ ಬೆರೆಸಿದ ಎಣ್ಣೆಯಂಥ ವಸ್ತು ಜಿನುಗುತ್ತದೆ, ಹಾಳೆ ಹಳದಿಯಾಗುತ್ತದೆ, ಕ್ರಮೇಣ ಹೈಡ್ರೋಕ್ಲೋರಿಕ್ ಆಮ್ಲದ ಅಂಶ ಬಿಡುತ್ತದೆ. ಬಿಸಿ ಒತ್ತಿನ ಲ್ಯಾಮಿನೇಷನ್ ಆದರೆ ಆ ಬಿಸಿಯೇ ಜೆಲಟಿನ್‌ಗೆ ಏಟು. ಸ್ಟುಡಿಯೋದವರು ಕೈಯಿಂದ ಬಣ್ಣ ಹಾಕಿದ, ಸೀರೆಯಂಚಿಗೆ ಕೆಂಪು, ತುಟಿಗೆ ನಸುಗೆಂಪು ಹಚ್ಚಿದ ಫೋಟೋಗಳಿದ್ದರಂತೂ ಅಂಟು ಆ ಬಣ್ಣವನ್ನೇ ಎತ್ತಿಕೊಳ್ಳಬಹುದು.

ಇದೆಲ್ಲಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿದೆ. ಲ್ಯಾಮಿನೇಷನ್ ಆದ ಫೋಟೋವನ್ನು ಹೊರಗೆ ತೆಗೆಯಲು ಬರುವುದಿಲ್ಲ. ಹಾಳೆ ಕಿತ್ತರೆ ಅದರ ಜೊತೆ ಮುಖವೂ ಕಿತ್ತು ಬರುತ್ತದೆ. ಪ್ರಪಂಚದಲ್ಲಿ ಎಲ್ಲಿಯೇ ಆಗಲಿ, ಫೋಟೋ ಸಂರಕ್ಷಣೆಯನ್ನೇ ಕಸುಬು ಮಾಡಿಕೊಂಡವರು ಮೊದಲು ಕಲಿಯುವ ಪಾಠ ಒಂದೇ: ಇಂದು ನೀವು ಮಾಡಿದ್ದನ್ನು ನಾಳೆ ಇನ್ನೊಬ್ಬರು ಫೋಟೋಗೆ ಏಟಾಗದಂತೆ ಬಿಚ್ಚಲು ಸಾಧ್ಯವಿರಬೇಕು. ಈ ಒಂದು ಅಳತೆಗೋಲಿನಲ್ಲೇ ಲ್ಯಾಮಿನೇಷನ್ ಸೋಲುತ್ತದೆ. ಉಳಿದ ವಾದಗಳನ್ನು ಕೇಳುವ ಮೊದಲೇ ಸೋಲುತ್ತದೆ.

ಅಂಟಿಸಿದ ಗಳಿಗೆಯಲ್ಲೇ ಫೋಟೋದ ಬೆನ್ನು ಸತ್ತುಹೋಗುತ್ತದೆ. ಈ ಸೀಮೆಯ ಮಟ್ಟಿಗೆ ಇದು ಸಣ್ಣ ನಷ್ಟವಲ್ಲ. ಸ್ಟುಡಿಯೋದ ಮೊಹರು, ಇಸವಿ, ಮದುವೆ ನಡೆದ ಊರು, ನಿಂತವರ ಹೆಸರು ಇವೆಲ್ಲ ಇರುವುದು ಬೆನ್ನಿನ ಮೇಲೆ. 1956ರ ನವೆಂಬರ್ 1ರ ರಾಜ್ಯ ವಿಂಗಡಣೆಯಲ್ಲಿ ಹೊಸೂರು ಸೀಮೆ ಮದರಾಸು ರಾಜ್ಯದ ಸೇಲಂ ಜಿಲ್ಲೆಯಲ್ಲೇ ಉಳಿಯಿತು, 1965ರಲ್ಲಿ ಧರ್ಮಪುರಿಗೆ ಸೇರಿತು, 2004ರಲ್ಲಿ ಕೃಷ್ಣಗಿರಿಗೆ ಸೇರಿತು. ಇಲ್ಲಿನ ಕನ್ನಡದ ಮನೆಗಳಲ್ಲಿ ಅಜ್ಜ ಕನ್ನಡದಲ್ಲಿ ಬರೆದ, ಮಗ ಕನ್ನಡ, ತಮಿಳು ಎರಡೂ ಓದಬಲ್ಲ, ಮೊಮ್ಮಗ ತಮಿಳಲ್ಲೋ ಇಂಗ್ಲಿಷಲ್ಲೋ ಓದುವ ಪರಿಸ್ಥಿತಿ ಇದೆ. ಇಂಥ ಮನೆಯಲ್ಲಿ ಅಜ್ಜನ ಕೈಬರಹ ಉಳಿದಿರುವ ಜಾಗ ಎಷ್ಟು? ಒಂದೆರಡು ಕ್ರಯಪತ್ರ, ಲೆಕ್ಕದ ಪುಸ್ತಕ, ಮತ್ತು ಫೋಟೋಗಳ ಬೆನ್ನು. ಆ ಬೆನ್ನಿಗೆ ಬಿಳಿ ಅಂಟು ಸವರಿ ಹಲಗೆಗೆ ಒತ್ತುವ ಮೊದಲು ತಿರುಗಿಸಿ ನೋಡುವ ವ್ಯವಧಾನವೂ ನಮಗೆ ಇರುವುದಿಲ್ಲ. "ನಡುವೆ ಕೂತವರು ಯಾರು, ಬಲಗಡೆ ನಿಂತ ಹುಡುಗ ಯಾರು" ಎಂದು ಮುಂದೆ ಮನೆಮಂದಿ ಕೇಳುವಾಗ ಉತ್ತರ ಅಲ್ಲೇ, ಒಂದು ಕಾಗದದ ದಪ್ಪದಷ್ಟು ಹಿಂದೆ, ಅಂಟಿನಲ್ಲಿ ಹೂತಿರುತ್ತದೆ.

ಕಾಗದದ ಮೇಲಿನ ಚಿತ್ರ ಅಷ್ಟು ದಿನ ಬಾಳುವುದುಂಟೆ ಎಂದು ಕೇಳುವವರಿಗೆ ಉತ್ತರ ಪಕ್ಕದ ಊರಲ್ಲೇ ಇದೆ. ಸೂಳಗಿರಿಯಿಂದ ದಕ್ಷಿಣಕ್ಕೆ ಹೋದರೆ ರಾಯಕೋಟೆ. ಮದರಾಸು ಸರ್ಕಾರದ ಛಾಯಾಗ್ರಾಹಕನಾಗಿದ್ದ ಕ್ಯಾಪ್ಟನ್ ಲಿನಿಯಸ್ ಟ್ರೈಪ್ ಬೆಂಗಳೂರಿನಿಂದ ಹೊರಟು ಈ ದಾರಿಯಲ್ಲಿ ಬಂದ. ರಾಯಕೋಟೆಯ ಬೆಟ್ಟವನ್ನೂ ಸೇಲಂ ಜಿಲ್ಲೆಯ ಇತರ ಸ್ಥಳಗಳನ್ನೂ ತೆಗೆದ ಅವನ ಚಿತ್ರಗಳು 1858ರಲ್ಲಿ ಒಂದು ಸಂಪುಟವಾಗಿ ಹೊರಬಂದವು. ದಪ್ಪ ಹಾಳೆಗಳ ಮೇಲೆ ಕೂರಿಸಿದ ಆ ಪ್ರಿಂಟುಗಳು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಇವತ್ತಿಗೂ ಇವೆ. ಅವನ ಭಾರತ, ಬರ್ಮಾ ಚಿತ್ರಗಳ ದೊಡ್ಡ ಪ್ರದರ್ಶನ 2014-15ರಲ್ಲಿ ವಾಷಿಂಗ್ಟನ್, ನ್ಯೂಯಾರ್ಕ್, ಲಂಡನ್ ಮೂರೂ ಕಡೆ ನಡೆಯಿತು. ನೂರೈವತ್ತು ವರ್ಷ ದಾಟಿದ ಕಾಗದ! ಅದಕ್ಕೆ ಯಾರೂ ಪ್ಲಾಸ್ಟಿಕ್ ಹೊದಿಸಲಿಲ್ಲ. ಬೆಳಕಿಗೆ ಸದಾ ತೆರೆದಿಡದೆ, ತೇವವೂ ಉರಿಬಿಸಿಲೂ ತಾಕದ ಕಡೆ ಮುಚ್ಚಿಟ್ಟು, ಬೇಕಾದಾಗಷ್ಟೇ ತೆಗೆದು ನೋಡಿದರು. ರಾಯಕೋಟೆಯ ಬೆಟ್ಟ 1858ರಲ್ಲಿ ಹೇಗಿತ್ತೆಂದು ಇವತ್ತು ನೋಡಬಹುದು. ಅದೇ ಬೆಟ್ಟದ ಬುಡದಲ್ಲಿ 1985ರಲ್ಲಿ ಮದುವೆಯಾದವರ ಬಣ್ಣದ ಫೋಟೋದಲ್ಲಿ ಎಷ್ಟೋ ಸಲ ಮದುಮಗಳ ಹಸಿರು ಸೀರೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿದೆ.

ಬಣ್ಣದ ಫೋಟೋ ಕೆಂಪಗಾಗುವುದಕ್ಕೂ ಕಾರಣವಿದೆ. ಅದರಲ್ಲಿ ಬೆಳ್ಳಿ ಇಲ್ಲ. ನೀಲಿಹಸಿರು, ಕಡುಗುಲಾಬಿ, ಹಳದಿ ಎಂಬ ಮೂರು ವರ್ಣದ್ರವ್ಯಗಳ ಪದರಗಳಿವೆ. ಹಳೆಯ ಬಣ್ಣದ ಕಾಗದಗಳಲ್ಲಿ ನೀಲಿಹಸಿರು ಕತ್ತಲಲ್ಲಿಟ್ಟರೂ ಬೇಗ ಸೋರಿಹೋಗುತ್ತಿತ್ತು. ಉಳಿದೆರಡರ ಕೆಂಪು ಮೇಲೆದ್ದು ಕಾಣುತ್ತಿತ್ತು. ಬೆಳಕಿಗಿಟ್ಟರೆ ಉಳಿದ ಬಣ್ಣಗಳೂ ಸೊರಗುತ್ತವೆ. ಫೋಟೋಗಳ ಬಾಳಿಕೆಯನ್ನು ಅಧ್ಯಯನ ಮಾಡಿದ ಹೆನ್ರಿ ವಿಲ್ಹೆಲ್ಮ್ 1993ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥವೊಂದು ಬಣ್ಣದ ಫೋಟೋಗಳ ಈ ಸಾವಿನ ಬಗೆಯನ್ನೇ ಕುರಿತದ್ದು. ಇಲ್ಲಿ ಲ್ಯಾಮಿನೇಷನ್ ಮಾಡುವುದೇನು? ಸಾಮಾನ್ಯ ಪ್ಲಾಸ್ಟಿಕ್ ಹಾಳೆ ಕಣ್ಣಿಗೆ ಕಾಣುವ ಬೆಳಕನ್ನು ಹಾಗೇ ಒಳಕ್ಕೆ ಬಿಡುತ್ತದೆ. ನೇರಳಾತೀತ ಕಿರಣವನ್ನು ತಡೆಯುವುದಂತೂ ದೂರದ ಮಾತು. ಬಣ್ಣದ ಫೋಟೋಗಳಿಗೆ ಸಂಗ್ರಹಾಲಯಗಳು ಹಾಕುವ ಬೆಳಕು ಸುಮಾರು 50 ಲಕ್ಸ್. ನಡುಮಧ್ಯಾಹ್ನದ ನೇರ ಬಿಸಿಲು ಒಂದು ಲಕ್ಷ ಲಕ್ಸ್‌ವರೆಗೆ ಹೋಗುತ್ತದೆ. ಪೂರ್ವದ ಬಾಗಿಲೆದುರಿನ ಗೋಡೆಗೆ, ಬೆಳಗಿನ ಬಿಸಿಲು ನೇರ ಬೀಳುವಲ್ಲಿಗೆ ಫೋಟೋ ತೂಗುಹಾಕಿ, "ಲ್ಯಾಮಿನೇಷನ್ ಆಗಿದೆಯಲ್ಲ" ಎಂದು ನಿಶ್ಚಿಂತೆಯಿಂದಿರುವುದು ಫೋಟೋವನ್ನು ಕೈಯಾರೆ ಸುಡುವುದಕ್ಕೆ ಸಮ.

ಎದುರುಪಕ್ಷದವರ ಮಾತಿನಲ್ಲಿ ನಿಜವಿರುವಷ್ಟನ್ನು ಒಪ್ಪುತ್ತೇನೆ. ಗಾಜು ಒಡೆಯುತ್ತದೆ, ಭಾರ, ಮಕ್ಕಳಿರುವ ಮನೆಯಲ್ಲಿ ಅಪಾಯ. ಲ್ಯಾಮಿನೇಷನ್ ಹಗುರ, ಅಗ್ಗ, ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಹೊಸದಾಗಿ ಪ್ರಿಂಟ್ ಹಾಕಿಸಿದ ಪ್ರತಿಗೆ ಲ್ಯಾಮಿನೇಷನ್ ಮಾಡಿಸಿದರೆ ನನ್ನ ತಕರಾರಿಲ್ಲ. ಅದು ಹಾಳಾದರೆ ಇನ್ನೊಂದು ಹಾಕಿಸಿಕೊಳ್ಳಬಹುದು. ನೀರು ತಾಗಲ್ಲ ಎಂಬ ವಾದಕ್ಕೆ ಮಾತ್ರ ಉತ್ತರ ಹೇಳಲೇಬೇಕು. ನೀರು ನಡುವಿನಿಂದ ಬರುವುದಿಲ್ಲ, ಅಂಚಿನಿಂದ ಬರುತ್ತದೆ. ತಮಿಳಿನ ಐಪ್ಪಸಿ ತಿಂಗಳ ಮಳೆ ಹಿಡಿದು ಗೋಡೆ ತೇವವಾದಾಗ ಎಂಡಿಎಫ್ ಅಂಚು ನೀರು ಹೀರಿ ರೊಟ್ಟಿಯಷ್ಟು ಉಬ್ಬುತ್ತದೆ, ಹಾಳೆ ಏಳುತ್ತದೆ, ಒಳಸೇರಿದ ತೇವ ಹೊರಬರಲು ದಾರಿಯಿಲ್ಲದೆ ಬೂಷ್ಟು ಹಿಡಿಯುತ್ತದೆ. ಅದೇ, ಬಿಡಿಯಾಗಿದ್ದ ಜೆಲಟಿನ್ ಪ್ರಿಂಟು ನೆನೆದರೆ ಎರಡು ದಿನದೊಳಗೆ ಶುದ್ಧ ನೀರಿನಲ್ಲಿ ಮೆಲ್ಲಗೆ ಅದ್ದಿ, ಮುಖ ಮೇಲೆ ಮಾಡಿ ನೆರಳಲ್ಲಿ ಒಣಗಿಸಿ ಉಳಿಸಿಕೊಳ್ಳುವುದು ಎಷ್ಟೋ ಸಲ ಸಾಧ್ಯ. ಕೈಬಣ್ಣದ ಫೋಟೋಗಾದರೆ ಈ ಕೆಲಸಕ್ಕೆ ತಿಳಿದವರೇ ಬೇಕು.

"ಸ್ಕ್ಯಾನ್ ಮಾಡಿ ಫೋನಲ್ಲಿಟ್ಟುಕೊಂಡರೆ ಆಯಿತಲ್ಲ, ಮೂಲ ಯಾಕೆ" ಎನ್ನುವವರು ಇನ್ನೊಂದು ಗುಂಪು. ವಿದ್ಯಾವಂತರಲ್ಲಿ ಈಗ ಇದೇ ಬಲವಾದ ಅಭಿಪ್ರಾಯ. ಸ್ಕ್ಯಾನ್ ಬೇಕು, ಖಂಡಿತ ಬೇಕು. ಆದರೆ ನಡೆಯುತ್ತಿರುವುದು ಸ್ಕ್ಯಾನ್ ಅಲ್ಲ. ಗೋಡೆಯ ಮೇಲಿನ ಲ್ಯಾಮಿನೇಷನ್ ಫೋಟೋವನ್ನು ಟ್ಯೂಬ್‌ಲೈಟಿನ ಹೊಳಪು ಸಮೇತ ಫೋನಿನಲ್ಲಿ ಹೊಡೆದು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ವಾಟ್ಸಾಪು ಅದನ್ನು ಹಿಂಡಿ ಇನ್ನಷ್ಟು ಸಣ್ಣದು ಮಾಡುತ್ತದೆ. ಫೋನು ಬದಲಾದಾಗ ಅದೂ ಹೋಗುತ್ತದೆ. ಒಳ್ಳೆಯ ಸ್ಕ್ಯಾನಿಗೂ ಮೂಲ ಫೋಟೋ ಗಾಜಿಲ್ಲದೆ, ಪ್ಲಾಸ್ಟಿಕ್ ಇಲ್ಲದೆ, ಬರಿದಾಗಿ ಸಿಗಬೇಕು. ಇವತ್ತಿನ ಯಂತ್ರಕ್ಕೆ ಕಾಣದ್ದು ಇಪ್ಪತ್ತು ವರ್ಷದ ನಂತರದ ಯಂತ್ರಕ್ಕೆ ಕಂಡೀತು, ಆಗಲೂ ಮೂಲ ಬೇಕು. ಚಿಕ್ಕ ಫೋಟೋಗಳನ್ನು 600 ಡಿಪಿಐನಲ್ಲಿ, ಮುಖ ಒಂದು ಸಲ ಬೆನ್ನು ಒಂದು ಸಲ ಸ್ಕ್ಯಾನ್ ಮಾಡಿಸಿ. ಬೆನ್ನನ್ನು ಮರೆಯಬೇಡಿ.

ಈಗ ನೋವಾಗಬಹುದಾದ ಒಂದು ಮಾತು. ತೀರಿಕೊಂಡವರ ಫೋಟೋಗೆ ನಾವು ಮಾಡುವ ಪೂಜೆಯೇ ಎಷ್ಟೋ ಮನೆಗಳಲ್ಲಿ ಆ ಫೋಟೋದ ಆಯುಸ್ಸು ಕಡಿಮೆ ಮಾಡುತ್ತಿದೆ. ಗಾಜಿನ ಮೇಲೆ ಗಂಧ, ಕುಂಕುಮ. ಕೆಳಗೆ ದೀಪ, ಊದುಬತ್ತಿ, ಕರ್ಪೂರದ ಹೊಗೆ. ಮೇಲೆ ಇರುಳೂ ಹಗಲೂ ಉರಿಯುವ ಸಣ್ಣ ಬಲ್ಬು. ಒದ್ದೆ ಹೂವಿನ ಹಾರ ಕಟ್ಟಿನ ಮೇಲಂಚಿನಲ್ಲಿ ಕೂತು ನೀರನ್ನು ಒಳಗಿಳಿಸುತ್ತದೆ. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ ಫೋಟೋ ಕೆಳಗಿಳಿಯುತ್ತದೆ, ಅಡುಗೆಯ ಹಬೆ ತಗುಲುತ್ತದೆ. ಹಿರಿಯರ ಮೇಲಿನ ಈ ಭಕ್ತಿಯನ್ನು ಬಿಡಿ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವವನಲ್ಲ. ಆ ಭಕ್ತಿ ಇರುವುದರಿಂದಲೇ ಕೇಳುತ್ತಿದ್ದೇನೆ: ಪೂಜೆಗೆ ಪ್ರತಿ ಇರಲಿ. ಹಾರ ಪ್ರತಿಗೆ ಬೀಳಲಿ, ದೀಪ ಪ್ರತಿಯ ಮುಂದೆ ಉರಿಯಲಿ. ಅಜ್ಜಿ ಕ್ಯಾಮೆರಾದ ಮುಂದೆ ಕೂತಾಗ ಬಿದ್ದ ಬೆಳಕಿನಿಂದಲೇ ಹುಟ್ಟಿದ ಆ ಒಂದು ಕಾಗದ ಮಾತ್ರ ಹೊಗೆಯಿಂದ ದೂರವಿರಲಿ.

ಮೂಲವನ್ನೇ ಗೋಡೆಯ ಮೇಲೆ ನೋಡಬೇಕೆಂಬ ಆಸೆ ಸಹಜ. ಅದಕ್ಕೂ ದಾರಿ ಇದೆ, ಕಷ್ಟದ್ದೇನಲ್ಲ. ಫೋಟೋದ ಹಿಂದೆ ಒಳ್ಳೆಯ ಹತ್ತಿ ಕಾಗದದ ರಟ್ಟು. ಮುಂದೆ ಅದೇ ಬಗೆಯ, ನಡುವೆ ಕಿಟಕಿಯಂತೆ ಕತ್ತರಿಸಿದ ಇನ್ನೊಂದು ರಟ್ಟು. ಅದರ ಮೇಲೆ ಗಾಜು. ಆ ಕಿಟಕಿ ರಟ್ಟು ಇರುವುದು ಅಂದಕ್ಕಾಗಿ ಎಂದು ಅನೇಕರ ಎಣಿಕೆ. ಗಾಜಿಗೂ ಫೋಟೋಗೂ ನಡುವೆ ಗಾಳಿಯ ಜಾಗ ಬಿಡುವುದೇ ಅದರ ಮುಖ್ಯ ಕೆಲಸ. ಆ ಜಾಗ ಇಲ್ಲದಿದ್ದರೆ ಮಳೆಗಾಲದ ತೇವಕ್ಕೆ ಜೆಲಟಿನ್ ಮೆತ್ತಗಾಗಿ ಗಾಜಿಗೆ ಹತ್ತಿಕೊಳ್ಳುತ್ತದೆ. ಹಾಗೆ ಹತ್ತಿಕೊಂಡ ಫೋಟೋ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಕೀಳಲು ಹೋಗಬೇಡಿ. ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿಸಿ, ಗಾಜು ಸಮೇತ ಎತ್ತಿಡಿ. ತೀರಾ ಅಮೂಲ್ಯವಾದದ್ದಾದರೆ ಹತ್ತಿರದ ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿನಲ್ಲಿ ಇಂಟ್ಯಾಕ್ ಸಂರಕ್ಷಣಾ ಕೇಂದ್ರವಿದೆ, ಅಂಥ ಕಡೆ ತಿಳಿದವರನ್ನು ಕೇಳಬಹುದು.

ಫೋಟೋವನ್ನು ರಟ್ಟಿಗೆ ಅಂಟಿಸಕೂಡದು. ನಾಲ್ಕು ಮೂಲೆಗೂ ಪಾಲಿಯೆಸ್ಟರ್ ಹಾಳೆಯ ತ್ರಿಕೋನದ ಜೇಬು ಮಾಡಿ, ಜೇಬನ್ನು ರಟ್ಟಿಗೆ ಅಂಟಿಸಿ, ಫೋಟೋದ ಮೂಲೆಗಳನ್ನು ಅದರೊಳಗೆ ಸಿಕ್ಕಿಸಿದರೆ ಸಾಕು. ಬೇಕೆಂದಾಗ ಹೊರಗೆ ಬರುತ್ತದೆ, ಬೆನ್ನೂ ಓದಲು ಸಿಗುತ್ತದೆ. ದೊಡ್ಡ ಪ್ರಿಂಟುಗಳಿಗೆ ತೆಳು ಜಪಾನಿ ಕಾಗದದ ಪಟ್ಟಿಯನ್ನು ಗೋಧಿ ಪಿಷ್ಟದ ಅಂಟಿನಿಂದ ಮೇಲಂಚಿಗೆ ಮಾತ್ರ ಹಚ್ಚಿ ತೂಗುಬಿಡುತ್ತಾರೆ. ಆ ಅಂಟು ನೀರಿಗೆ ಬಿಡುತ್ತದೆ. ನಮ್ಮ ಬೈಂಡಿಂಗ್ ಅಂಗಡಿಯ ಮೈದಾ ಗೋಂದು ಇದಕ್ಕೆ ಬದಲಾಗದು. ಹುಳ ಬಾರದಿರಲೆಂದು ಅದಕ್ಕೆ ಮೈಲುತುತ್ತ ಹಾಕುವ ರೂಢಿ ಇದೆ, ಮೈಲುತುತ್ತದ ತಾಮ್ರ ಫೋಟೋಗೆ ಒಳ್ಳೆಯದಲ್ಲ. ಸೆಲ್ಲೋ ಟೇಪು, ರಬ್ಬರ್ ಸಲ್ಯೂಷನ್ ಇವು ಹತ್ತಿರ ಸುಳಿಯಬಾರದು. ರಬ್ಬರಿನ ಗಂಧಕ ಬೆಳ್ಳಿಯ ವೈರಿ.

"ಆಸಿಡ್ ಫ್ರೀ" ಎಂಬ ಚೀಟಿ ನೋಡಿ ಮರುಳಾಗುವುದೂ ಬೇಡ. ಆಮ್ಲವಿಲ್ಲದ ರಟ್ಟಿನಲ್ಲೂ ಬೆಳ್ಳಿಯನ್ನು ಕೆಡಿಸುವ ಬೇರೆ ವಸ್ತುಗಳಿರಬಹುದು. ಅದಕ್ಕೆಂದೇ ಐಎಸ್ಒ 18916 ಎಂಬ ಪರೀಕ್ಷೆ ಇದೆ. ರಟ್ಟು ಅಥವಾ ಅಂಟನ್ನು ಸೂಕ್ಷ್ಮವಾದ ಬೆಳ್ಳಿ ಪದರಕ್ಕೆ ತಾಗಿಸಿ 70 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಶೇ. 86 ತೇವದಲ್ಲಿ 15 ದಿನ ಇಟ್ಟು ನೋಡುತ್ತಾರೆ. ಅದರಲ್ಲಿ ಪಾಸಾದ ರಟ್ಟು ಬೆಂಗಳೂರಿನಲ್ಲಿ ತರಿಸಿಕೊಳ್ಳಬಹುದು, ಬೆಲೆ ಹೆಚ್ಚು. ಆಗದವರು ಬನಿಯನ್ ಬಟ್ಟೆಯ ಹತ್ತಿ ಚೂರಿನಿಂದ ಮಾಡಿದ ಕೈಕಾಗದವನ್ನು, ಆಲಂ ಮತ್ತು ರಾಳ ಹಾಕದ ಬಿಳಿಯದನ್ನು ಕೇಳಿ ತರಲಿ. ಅದಕ್ಕೆ ಆ ಪರೀಕ್ಷೆಯ ಮುದ್ರೆ ಇರದಿರಬಹುದು. ಆದರೂ ಬೂದು ಸ್ಟ್ರಾಬೋರ್ಡಿಗೂ ಎಂಡಿಎಫ್‌ಗೂ ಹೋಲಿಸಿದರೆ ಅದು ಎಷ್ಟೋ ಮೇಲು.

ನಮ್ಮ ಹಿರಿಯರ ಪದ್ಧತಿಯೆಲ್ಲ ಸರಿಯಿತ್ತು ಎಂಬ ವಾದವೂ ನನ್ನದಲ್ಲ. ಹಳೆಯ ಕಟ್ಟುಗಳ ಹಿಂದೆ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ, ಅದರಡಿ ಪತ್ರಿಕೆ ಹಾಳೆ ಇರುತ್ತಿತ್ತು. ಎರಡು ಹಲಗೆ ಕೂಡುವ ಸಂದಿನ ಗೆರೆ ಫೋಟೋದ ಮೈಮೇಲೆ ಕಂದು ಬರೆಯಾಗಿ ಮೂಡಿರುವುದನ್ನು ಈಗಲೂ ಕಾಣಬಹುದು. ಆದರೂ ಒಂದು ವಿಷಯದಲ್ಲಿ ಅವರು ನಮಗಿಂತ ವಿವೇಕಿಗಳು. ಕಟ್ಟನ್ನು ಗೋಡೆಗೆ ಒತ್ತಿಸದೆ, ಮೇಲಕ್ಕೆ ಎತ್ತರದಲ್ಲಿ, ಮುಂದಕ್ಕೆ ಬಾಗಿಸಿ ತೂಗುಹಾಕುತ್ತಿದ್ದರು. ಹಿಂದೆ ಗಾಳಿ ಆಡುತ್ತಿತ್ತು, ಗೋಡೆಯ ತೇವ ತಾಗುತ್ತಿರಲಿಲ್ಲ, ಕಿಟಕಿಯ ಬೆಳಕು ನೇರ ಬೀಳುತ್ತಿರಲಿಲ್ಲ. ಹಿಂದಿನ ಮೊಳೆ ಕಿತ್ತರೆ ಫೋಟೋ ಇಡಿಯಾಗಿ ಕೈಗೆ ಬರುತ್ತಿತ್ತು. ಇವತ್ತು ಸೂಳಗಿರಿ ಕಡೆಯ ಮನೆಗಳಲ್ಲಿ ಐವತ್ತು ಅರವತ್ತರ ದಶಕದ ಫೋಟೋ ಒಳ್ಳೆಯ ಸ್ಥಿತಿಯಲ್ಲಿದೆ ಎಂದರೆ, ಅದು ಬಿಚ್ಚಲು ಬರುವ ಇಂಥ ಕಟ್ಟಿನೊಳಗಿತ್ತು, ಇಲ್ಲವೇ ಟ್ರಂಕಿನ ತಳದಲ್ಲಿ ಯಾರೂ ಮುಟ್ಟದೆ ಬಿದ್ದಿತ್ತು. ಗೋಡೆಗೆ ಹಾಕದ ಫೋಟೋಗಳಿಗೆ ಇವತ್ತಿಗೂ ಆ ಕಬ್ಬಿಣದ ಟ್ರಂಕೇ ಸಾಕು: ಒಂದೊಂದನ್ನೂ ಹತ್ತಿ ಕಾಗದದ ಲಕೋಟೆಯಲ್ಲಿಟ್ಟು, ಲಕೋಟೆಯ ಮೇಲೆ ಪೆನ್ಸಿಲಿನಿಂದ ಹೆಸರು, ಊರು, ಇಸವಿ ಬರೆದು, ಒಳಗೋಡೆಯ ಬದಿ ನೆಲದಿಂದ ಎತ್ತರದಲ್ಲಿ. ನುಸಿಗುಳಿಗೆ ಬೇಡ.

ಕಟ್ಟಿನಂಗಡಿಯವರನ್ನು ನಾನು ದೂರುತ್ತಿಲ್ಲ. ಗಿರಾಕಿ ಕೇಳಿದ್ದನ್ನು ಅವರು ಕೊಡುತ್ತಾರೆ. ಬದಲಾಗಬೇಕಾದದ್ದು ನಾವು ಕೇಳುವ ರೀತಿ. ಅಂಗಡಿಯವರಿಗೂ ಇದರಲ್ಲಿ ನಷ್ಟವಿಲ್ಲ: ಒಂದು ಫೋಟೋಗೆ ಒಂದು ಸ್ಕ್ಯಾನು, ಒಂದು ಹೊಸ ಪ್ರಿಂಟು, ಅದಕ್ಕೊಂದು ಲ್ಯಾಮಿನೇಷನ್, ಮೂಲಕ್ಕೊಂದು ಲಕೋಟೆ ಎಂದು ನಾಲ್ಕು ಕೆಲಸ ಸಿಗುತ್ತದೆ. ಮೂಲ ಫೋಟೋ ಹಿಡಿದು ಬಂದವರಿಗೆ "ಇದನ್ನು ಅಂಟಿಸಲ್ಲಣ್ಣ, ಪ್ರತಿ ತೆಗೆದು ಅದಕ್ಕೆ ಮಾಡಿಕೊಡ್ತೀನಿ" ಎಂದು ಹೇಳುವ ಒಂದೇ ಒಂದು ಅಂಗಡಿ ಪ್ರತಿ ಪೇಟೆಯಲ್ಲಿದ್ದರೂ ಸಾವಿರಾರು ಮುಖಗಳು ಉಳಿಯುತ್ತವೆ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಹಿರಿಯರ ಹಬ್ಬಕ್ಕೆ ಮುಂಚೆ ಮನೆಯಲ್ಲಿ ಲ್ಯಾಮಿನೇಷನ್ ಆಗದೆ ಉಳಿದಿರುವ ಮೂಲ ಫೋಟೋಗಳನ್ನೆಲ್ಲ ಒಂದು ಕಡೆ ಸೇರಿಸಿ. ಬೆನ್ನು ತಿರುಗಿಸಿ ಓದಿ. ಕನ್ನಡ ಓದಲು ಬರುವ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆಸರುಗಳನ್ನು ಬರೆದುಕೊಳ್ಳಿ. ಪ್ರತಿ ಮಾಡಿಸಿ ಅದನ್ನು ಗೋಡೆಗೆ ಹಾಕಿ. ಮೂಲವನ್ನು ಯಾವ ಅಂಗಡಿಯಲ್ಲೂ, ಯಾರ ಮಾತಿಗೂ, ಯಾವುದಕ್ಕೂ ಅಂಟಿಸಲು ಕೊಡಬೇಡಿ.